ಅಗ್ಗದ ಕಾರ್ಡ್‌ಲೆಸ್ ಸ್ಕ್ರೂಡ್ರೈವರ್: ಮನೆಯ ಸಣ್ಣ ಕೆಲಸಕ್ಕೆ ಸಾಕಾ? ಅಂಗಡಿಯಲ್ಲಿ ನೋಡಿ ತಿಳಿಯುವುದು ಹೇಗೆ?

ಸೀತಾಂಗೋಳಿ_ಮನೆ

1500 ರೂಪಾಯಿ ಒಳಗೆ ಒಂದು ಕಾರ್ಡ್‌ಲೆಸ್ ಸ್ಕ್ರೂಡ್ರೈವರ್ ಬೇಕು. ಡ್ರಿಲ್ ಅಲ್ಲ, ಸ್ಕ್ರೂ ತಿರುಗಿಸುವುದು ಮಾತ್ರ. ಕೆಲಸ ಇಷ್ಟು: ಸ್ವಿಚ್‌ಬೋರ್ಡಿನ ಪ್ಲೇಟ್ ಬಿಚ್ಚಿ ಹಾಕುವುದು, ಕಪಾಟಿನ ಬಿಜಾಗರಿ ಮತ್ತು ಚಿಲಕ, ಕಿಟಕಿಯ ಸೊಳ್ಳೆಬಲೆ ಚೌಕಟ್ಟು, ಬಿಡಿಬಿಡಿಯಾಗಿ ಬರುವ ರೆಡಿಮೇಡ್ ಕಪಾಟು ಜೋಡಿಸುವುದು. ಮುರಕಲ್ಲಿನ ಮನೆ. ಬಾಗಿಲುಗಳು ಹಲಸು ಮತ್ತು ಹೆಬ್ಬಲಸಿನವು.

ಕಣ್ಣಿಗೆ ಬಿದ್ದದ್ದು ಎರಡು. ಒಂದು 900 ರೂ., ಟಾರ್ಕ್ ರಿಂಗ್ (ತಿರುಚುವ ಬಲವನ್ನು ಹಂತಹಂತವಾಗಿ ಮಿತಿ ಮಾಡುವ ಬಳೆ) ಇಲ್ಲ. ಇನ್ನೊಂದು 1500ರ ಹತ್ತಿರ, ರಿಂಗ್ ಉಂಟು. ಎರಡರ ಪೆಟ್ಟಿಗೆಯಲ್ಲೂ ಬರೆದದ್ದು ಒಂದೇ: 3.6 ವೋಲ್ಟ್, 4 ನ್ಯೂಟನ್ ಮೀಟರ್, 200 ಆರ್‌ಪಿಎಂ, 1300 ಎಂಎಎಚ್. ಈ ಅಂಕಿಗಳಿಂದ ಎಂತ ಗೊತ್ತಾಗ್ತದೆ?

ಮರಗೆಲಸ_ಪೆರ್ಲ

1 ನ್ಯೂಟನ್ ಮೀಟರ್ ಅಂದರೆ 10 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ 1 ಕಿಲೋ ತೂಗುಹಾಕಿದಷ್ಟು ತಿರುಚುವ ಬಲ. 4 ಅಂದರೆ ಅದೇ ಹಿಡಿಗೆ 4 ಕಿಲೋ. ದಪ್ಪ ಹಿಡಿಯ ಮಾಮೂಲಿ ಸ್ಕ್ರೂಡ್ರೈವರ್ ಹಿಡಿದು ಬಲವಾಗಿ ತಿರುಗಿಸಿದರೆ ಕೈಯಿಂದ ಬರುವುದೂ ಸುಮಾರು ಅಷ್ಟೇ. ಹಾಗಾಗಿ ಈ ಯಂತ್ರದಿಂದ ಕೈಗಿಂತ ಹೆಚ್ಚಿನ ಬಲ ಸಿಗುವುದಿಲ್ಲ, ಕೈಯ ದಣಿವು ಮಾತ್ರ ತಪ್ಪುತ್ತದೆ. ಇದನ್ನು ಮೊದಲೇ ತಿಳಿದುಕೊಂಡು ತೆಗೊಳ್ಳಿ, ಆಮೇಲೆ ಬೇಸರ ಬೇಡ.

200 ಆರ್‌ಪಿಎಂ, ಅಂದರೆ ನಿಮಿಷಕ್ಕೆ 200 ಸುತ್ತು, ಧಾರಾಳ ಸಾಕು. 4 ಮಿ.ಮೀ. ದಪ್ಪದ ಮರದ ಸ್ಕ್ರೂ ಒಂದು ಸುತ್ತು ತಿರುಗಿದರೆ ಹೆಚ್ಚುಕಡಿಮೆ 2 ಮಿ.ಮೀ. ಇಳಿಯುತ್ತದೆ. 40 ಮಿ.ಮೀ. ಸ್ಕ್ರೂಗೆ 20 ಸುತ್ತು, ಅಂದರೆ 6 ಸೆಕೆಂಡು. ವೇಗ ಇದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ಸ್ಕ್ರೂಗಳಲ್ಲಿ ಬಿಟ್ (ಯಂತ್ರದ ತುದಿಗೆ ಸಿಕ್ಕಿಸುವ ಮೊನೆ) ಜಾರಿ ಸ್ಕ್ರೂವಿನ ತಲೆ ಕೆಡುತ್ತದೆ.

ಹಲಸಿಗೂ ಹೆಬ್ಬಲಸಿಗೂ ತೂತು ಹಾಕದೆ ಸ್ಕ್ರೂ ಇಳಿಸಲು ಹೋಗಬೇಡಿ. 8 ನಂಬರಿನ ಸ್ಕ್ರೂಗೆ (4.2 ಮಿ.ಮೀ.) ಗಟ್ಟಿ ಮರದಲ್ಲಿ 3 ಮಿ.ಮೀ. ತೂತು, ಪ್ಲೈವುಡ್ಡಿನಲ್ಲಿ 2.5. ಆರು ನಂಬರಿಗೆ (3.5 ಮಿ.ಮೀ.) ಗಟ್ಟಿ ಮರದಲ್ಲಿ 2.5, ಪ್ಲೈವುಡ್ಡಿನಲ್ಲಿ 2. ತೂತಿನ ಆಳ ಸ್ಕ್ರೂವಿನ ಉದ್ದಕ್ಕಿಂತ ಮೂರ್ನಾಲ್ಕು ಮಿ.ಮೀ. ಕಡಿಮೆ ಇದ್ದರೆ ಸಾಕು. ಸ್ಕ್ರೂವಿನ ಹುರಿಗೆ ಮೇಣ ಅಥವಾ ಒಣ ಸಾಬೂನು ಉಜ್ಜಿದರೆ ಇನ್ನೂ ಹಗುರಾಗಿ ಇಳಿಯುತ್ತದೆ. ಸಾಬೂನು ತೇವ ಎಳೆದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ನಮ್ಮ ಹವೆಗೆ ಮೇಣವೇ ಒಳ್ಳೆಯದು. ಇಷ್ಟು ಮಾಡಿದರೆ 3 ನ್ಯೂಟನ್ ಮೀಟರಿನ ಯಂತ್ರವೂ ಬಿಜಾಗರಿ ಕೂರಿಸುತ್ತದೆ. ಮಾಡದಿದ್ದರೆ 5ರದ್ದೂ ಅರ್ಧದಲ್ಲಿ ನಿಲ್ಲುತ್ತದೆ.

ಹಿತ್ತಾಳೆ ಸ್ಕ್ರೂ ಹಾಕುವವರು ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಪೂರ್ತಿ ಇಳಿಸಿ ತೆಗೆಯಿರಿ. ಆ ದಾರಿಯಲ್ಲಿ ಹಿತ್ತಾಳೆಯನ್ನು ಕೈಯಲ್ಲೇ ಬಿಗಿ ಮಾಡಿ. ನೇರವಾಗಿ ಯಂತ್ರದಲ್ಲಿ ಇಳಿಸಿದರೆ ಕುತ್ತಿಗೆಯಲ್ಲಿ ಮುರಿದು ತುಂಡು ಮರದೊಳಗೇ ಉಳಿಯುತ್ತದೆ. ಹಳೇ ಮನೆಯ ಕಿರಾಲುಬೋಗಿಯ (ತೀರಾ ಗಟ್ಟಿ ಮರ) ದಾರಂದಕ್ಕಂತೂ ಈ ಯಂತ್ರದ ಗೊಡವೆಯೇ ಬೇಡ.

ವಯರಿಂಗ್_ಕುಂಬಳೆ

ಮರಕ್ಕೆ 4 ಕಡಿಮೆ ಅನ್ನುತ್ತಾರೆ. ಸ್ವಿಚ್‌ಬೋರ್ಡಿಗೆ ಅದೇ 4 ತೀರಾ ಜಾಸ್ತಿ, ಪ್ರಶ್ನೆ ಕೇಳಿದವರು ಇದನ್ನು ಗಮನಿಸಬೇಕು. ಸ್ವಿಚ್, ಸಾಕೆಟ್‌ಗಳಲ್ಲಿ ತಂತಿ ಹಿಡಿದಿಡುವ ಟರ್ಮಿನಲ್ ಸ್ಕ್ರೂಗಳನ್ನು ಅಂತರರಾಷ್ಟ್ರೀಯ ಮಾನದಂಡದಲ್ಲಿ ಪರೀಕ್ಷೆ ಮಾಡುವ ಬಲ ನೋಡಿ: 3 ಮಿ.ಮೀ. ಸ್ಕ್ರೂಗೆ 0.5 ನ್ಯೂಟನ್ ಮೀಟರ್, 3.5 ಮಿ.ಮೀ.ಗೆ 0.8, 4 ಮಿ.ಮೀ.ಗೆ 1.2. ಪ್ಲೇಟಿನ ಸ್ಕ್ರೂ ಇಳಿಯುವುದು ಪ್ಲಾಸ್ಟಿಕ್ಕಿಗೋ ಬಾಕ್ಸಿನ ತೆಳು ತಗಡಿಗೋ. ಅಲ್ಲಿ ಪೂರ್ತಿ 4 ಬಿಟ್ಟರೆ ಹುರಿ ಹರಿದುಹೋಗುತ್ತದೆ ಅಥವಾ ಪ್ಲೇಟ್ ಬಿರಿಯುತ್ತದೆ.

ಸ್ವಿಚ್‌ಬೋರ್ಡ್ ಪಟ್ಟಿಯಲ್ಲಿ ಇದ್ದ ಮೇಲೆ ರಿಂಗ್ ಇರುವುದೇ ಬೇಕು. ಪ್ಲೇಟಿಗೆ 1ನೇ ಹಂತದಲ್ಲಿ ಇಟ್ಟು ಶುರುಮಾಡಿ, ಸಾಲದಿದ್ದರೆ ಮಾತ್ರ ಒಂದೊಂದೇ ಹಂತ ಏರಿಸಿ. ಟರ್ಮಿನಲ್ಲಿನ ಸ್ಕ್ರೂ ಮಾತ್ರ ಯಾವತ್ತೂ ಕೈಯಲ್ಲೇ. ಯಂತ್ರದಲ್ಲಿ ತಂತಿ ಕೂತದ್ದು ಕೈಗೆ ಗೊತ್ತಾಗುವುದಿಲ್ಲ. ಎಳೆ ತಂತಿ ತುಂಡಾಗಬಹುದು, ಸಡಿಲ ಉಳಿಯಲೂಬಹುದು. ಸಡಿಲ ಉಳಿದ ಟರ್ಮಿನಲ್ ಬಿಸಿಯಾಗಿ ಕೊನೆಗೆ ಸ್ವಿಚ್ಚೇ ಕರಗುತ್ತದೆ.

ಇನ್ನೊಂದು ಮಾತು, ಇದಕ್ಕೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಈ ಯಂತ್ರದ ಹಿಡಿ ಪ್ಲಾಸ್ಟಿಕ್ ಆದರೂ ಅದು ವಿದ್ಯುತ್ ಕೆಲಸಕ್ಕೆ ಮಾಡಿದ ಇನ್ಸುಲೇಟೆಡ್ ಉಪಕರಣ ಅಲ್ಲ. ಬಿಟ್ ಪೂರ್ತಿ ಬರಿಯ ಲೋಹ. ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಮಳೆಗಾಲದಲ್ಲಿ ಕರೆಂಟು ಹೋದಾಗ "ಹೇಗೂ ಲೈನ್ ಇಲ್ಲ" ಅಂತ ಬೋರ್ಡ್ ಬಿಚ್ಚುವವರು ಇದ್ದಾರೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಬೋರ್ಡಿನಲ್ಲಿ 230 ವೋಲ್ಟ್ ಹಾಗೇ ಉಂಟು. ಹೊರಗಿನ ಕರೆಂಟು ಎಷ್ಟು ಹೊತ್ತಿಗೂ ಬರಬಹುದು, ಅದು ಬೇರೆ. ಮೇನ್ ಸ್ವಿಚ್, ಇನ್ವರ್ಟರಿನ ಔಟ್‌ಪುಟ್, ಎರಡನ್ನೂ ಆಫ್ ಮಾಡಬೇಕು.

ಸೀತಾಂಗೋಳಿ_ಮನೆ

ರಿಂಗ್ ಇಲ್ಲದ್ದರಲ್ಲಿ ಜಾಗ್ರತೆಯಿಂದ ಮಾಡಿದರೆ ಆಗುವುದಿಲ್ವಾ? 600 ರೂಪಾಯಿ ವ್ಯತ್ಯಾಸ ಉಂಟಲ್ಲ.

ರಿಪೇರಿ_ಮಂಜೇಶ್ವರ

ಆಗ್ತದೆ. ಆದರೆ ಅದಕ್ಕೆ ಸ್ಪಿಂಡಲ್ ಲಾಕ್ ಸರಿ ಇರಬೇಕು. ಸ್ವಿಚ್ ಬಿಟ್ಟ ಕೂಡಲೇ ಬಿಟ್ ಹಿಡಿಯುವ ತುದಿ ತಾನಾಗಿ ಬಂಧಿಸಿಕೊಂಡು, ಇಡೀ ಯಂತ್ರ ಕೈಯ ಸ್ಕ್ರೂಡ್ರೈವರಿನ ಹಾಗೆ ಕೆಲಸ ಮಾಡುವುದಕ್ಕೆ ಹಾಗೆ ಹೇಳುವುದು. ಸ್ಕ್ರೂ ಹೆಚ್ಚುಕಡಿಮೆ ಪೂರ್ತಿ ಇಳಿಯುವವರೆಗೆ ಮೋಟಾರಿನಲ್ಲಿ, ತಲೆ ತಾಗುವ ಹೊತ್ತಿಗೆ ಸ್ವಿಚ್ ಬಿಟ್ಟು ಉಳಿದ ಕಾಲು ಸುತ್ತು ಮಣಿಕಟ್ಟಿನಲ್ಲಿ. ಅಗ್ಗದ ಯಂತ್ರದ ಯೋಗ್ಯತೆ ತಿಳಿಯುವುದು ಆ ಕಾಲು ಸುತ್ತಿನಲ್ಲೇ. ಬರಿದೇ ಗಿರಗಿರ ತಿರುಗುವುದನ್ನು ಎಲ್ಲವೂ ಮಾಡುತ್ತವೆ.

ಅಂಗಡಿಯಲ್ಲಿ ನೋಡುವ ಕ್ರಮ ಹೀಗೆ. ಯಂತ್ರ ಆಫ್ ಇರುವಾಗ ಬಿಟ್ ಹಾಕಿ, ಬಿಟ್ಟನ್ನು ಇಕ್ಕಳದಲ್ಲಿ ಹಿಡಿದು ಹಿಡಿಯನ್ನು ಎರಡೂ ದಿಕ್ಕಿಗೆ ತಿರುಗಿಸಿ. ಸ್ವಲ್ಪ ಆಡಿ ಗಟ್ಟಿ ನಿಂತರೆ ಸರಿ. ಕಟಕಟ ಸದ್ದು ಮಾಡಿ ಜಾರಿದರೆ ಲಾಕ್ ದುರ್ಬಲ, ಅಂಥದ್ದು ಬೇಡ. ಆಮೇಲೆ 50 ಮಿ.ಮೀ. ಉದ್ದದ ಬಿಟ್ ಹಾಕಿ ಓಡಿಸಿ, ತುದಿಯನ್ನು ಬಿಳಿ ಗೋಡೆಯ ಎದುರು ಹಿಡಿದು ನೋಡಿ. ತುದಿ ವೃತ್ತ ಬರೆಯುವ ಹಾಗೆ ಕಂಡರೆ ಸ್ಪಿಂಡಲ್ ಸೊಟ್ಟ ಅಥವಾ ಬಿಟ್ ಕೂರುವ ಜಾಗ ಸಡಿಲ. ಅದರಲ್ಲಿ ಸ್ಕ್ರೂ ತಲೆಗಳು ಒಂದೊಂದಾಗಿ ಕೆಡುತ್ತವೆ. ಬಿಟ್ ಕೂರುವ ತೂತು ಕಾಲು ಇಂಚಿನ, ಅಂದರೆ 6.35 ಮಿ.ಮೀ. ಷಡ್ಭುಜ ಆಗಿರಬೇಕು. 4 ಮಿ.ಮೀ. ತೂತಿನ ಪೆನ್ನಿನಂಥವು ಮೊಬೈಲ್ ರಿಪೇರಿಗೆ, ಬಿಜಾಗರಿಗಲ್ಲ.

ರಿಂಗ್ ಇರುವುದಾದರೆ ಅದನ್ನು 1ಕ್ಕೆ ತಿರುಗಿಸಿ, ಮರದ ತುಂಡಿಗೆ ಸ್ಕ್ರೂ ಇಳಿಸಿ ನೋಡಿ. ಅರ್ಧದಲ್ಲೇ ಕಟಕಟ ಅಂದು ಬಿಡಬೇಕು. ಕೊನೆಯ ಹಂತಕ್ಕೆ ಇಟ್ಟರೆ ಪೂರ್ತಿ ಇಳಿಯಬೇಕು. ಕೆಲವದರಲ್ಲಿ ರಿಂಗ್ ಇರುವುದು ಹೆಸರಿಗೆ ಮಾತ್ರ, 1ಕ್ಕೂ 5ಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಅಂಥದ್ದಕ್ಕೆ 600 ರೂ. ಹೆಚ್ಚು ಕೊಡುವುದು ದಂಡ.

ಒಳಗಿನ ವಿಷಯ ಹೇಳುವುದಾದರೆ, ಮೊದಲು ಹಾಳಾಗುವುದು ಹೆಚ್ಚಾಗಿ ಸ್ವಿಚ್. ಸ್ಕ್ರೂ ಸಿಕ್ಕಿ ಮೋಟಾರ್ ನಿಂತಾಗಲೂ ಸ್ವಿಚ್ ಒತ್ತಿಯೇ ಹಿಡಿದರೆ ಕರೆಂಟು ಹತ್ತು ಆಂಪಿಯರ್ ದಾಟಬಹುದು. ಒಳಗಿನ ಪುಟ್ಟ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗುತ್ತದೆ. ಆಮೇಲೆ ಒಮ್ಮೆ ತಿರುಗಿದರೆ ಇನ್ನೊಮ್ಮೆ ಇಲ್ಲ. ಎರಡನೆಯದು ಗೇರ್. ಪ್ಲಾನೆಟರಿ ಗೇರ್‌ಬಾಕ್ಸಿನ ಮೊದಲ ಹಂತದ ಹಲ್ಲುಗಳು ಅಗ್ಗದವುಗಳಲ್ಲಿ ಪ್ಲಾಸ್ಟಿಕ್ಕಿನವು. ಅವು ಸವೆದರೆ ಮೋಟಾರಿನ ಸದ್ದು ಬರುತ್ತದೆ, ತುದಿ ತಿರುಗುವುದಿಲ್ಲ. ಎರಡಕ್ಕೂ ಮದ್ದು ಒಂದೇ: ನಿಂತ ಕೂಡಲೇ ಬೆರಳು ತೆಗೆಯುವುದು. ಹಿಂದೆ ಮುಂದೆ ಮಾಡುವ ಸ್ವಿಚ್ಚನ್ನೂ ಮೋಟಾರ್ ಪೂರ್ತಿ ನಿಂತ ಮೇಲೆಯೇ ಬದಲಿಸಿ.

ಪೆಟ್ಟಿಗೆಯ 4 ನ್ಯೂಟನ್ ಮೀಟರ್ ನಿಜವೋ ಅಂತ ನೋಡಲಿಕ್ಕೆ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಸಾಕು. ಗಟ್ಟಿ ಮರದ ಪಟ್ಟಿಯೊಂದರ ತುದಿಯಲ್ಲಿ ತೂತು ಮಾಡಿ, 8 ಮಿ.ಮೀ. ತಲೆಯ ಎಂ5 ಬೋಲ್ಟನ್ನು ಎರಡೂ ಬದಿ ವಾಷರ್, ಮೇಲೆ ಎರಡು ನಟ್ ಹಾಕಿ ಅಲುಗಾಡದ ಹಾಗೆ ಬಿಗಿಯಿರಿ. ಬೋಲ್ಟಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ತಕ್ಕಡಿಯ ಕೊಕ್ಕೆ. ತಕ್ಕಡಿಯ ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಕಟ್ಟಿ, ಪಟ್ಟಿಗೂ ತಕ್ಕಡಿಗೂ ಲಂಬಕೋನ ಇರಲಿ. ಪೂರ್ತಿ ಚಾರ್ಜ್ ಆದ ಯಂತ್ರಕ್ಕೆ 8 ಮಿ.ಮೀ. ನಟ್ ಬಿಟ್ ಹಾಕಿ, ಬೋಲ್ಟಿನ ತಲೆಗೆ ಕೂರಿಸಿ, ಗಟ್ಟಿ ಹಿಡಿದು ಒಂದೇ ಸೆಕೆಂಡು ಸ್ವಿಚ್ ಒತ್ತಿ. ತಕ್ಕಡಿ ತೋರಿಸಿದ ಕಿಲೋವನ್ನು ಎರಡರಿಂದ ಗುಣಿಸಿ. 2 ಕಿಲೋ ಬಂದರೆ 4 ನ್ಯೂಟನ್ ಮೀಟರ್ ಸರಿಯಾಗಿ ಉಂಟು. ಒಂದೂವರೆ ಬಂದರೆ 3. ಮೂರಕ್ಕಿಂತ ಕೆಳಗೆ ಇಳಿದರೆ ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ಕೊಟ್ಟುಬಿಡಿ.

ಬ್ಯಾಟರಿ_ಮುಳ್ಳೇರಿಯ

ಟಾರ್ಕ್ ವಿಷಯ ಆಯಿತು, ಬ್ಯಾಟರಿಯ ಕಡೆ ಬರುವಾ. 3.6 ವೋಲ್ಟ್ ಅಂದರೆ ಒಳಗೆ ಒಂದೇ ಲಿಥಿಯಂ-ಅಯಾನ್ ಸೆಲ್, ಸಾಮಾನ್ಯವಾಗಿ 18650 ಅಳತೆಯದ್ದು: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಅಷ್ಟು ಸಣ್ಣ ಡಬ್ಬಿಯಲ್ಲಿ ಒಳ್ಳೆಯ ಕಂಪನಿಯ ಸೆಲ್ಲೂ 3500 ಎಂಎಎಚ್‌ನ (ಸೆಲ್ ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಲೆಕ್ಕ) ಆಸುಪಾಸಿಗೆ ನಿಲ್ಲುತ್ತದೆ. ಒಂದು ಸೆಲ್ಲಿನ ಯಂತ್ರದ ಮೇಲೆ 5000, 8000 ಅಂತ ಬರೆದಿದ್ದರೆ ಆ ಕಂಪನಿಯ ಉಳಿದ ಅಂಕಿಗಳನ್ನೂ ನಂಬುವುದು ಬೇಡ. 1300, 1500 ಅಂತ ಬರೆದದ್ದೇ ಪ್ರಾಮಾಣಿಕ. ಈ ಕೆಲಸಕ್ಕೆ ಸೆಲ್ ಒಮ್ಮೆಗೇ ಎಷ್ಟು ಕರೆಂಟು ಕೊಡುತ್ತದೆ ಅನ್ನುವುದು ಮುಖ್ಯ. ಟಾರ್ಚಿಗೆಂದು ಮಾಡಿದ 2600ರ ಸೆಲ್ಲಿಗಿಂತ ಉಪಕರಣಕ್ಕೆಂದು ಮಾಡಿದ 1300ರ ಸೆಲ್ ಇಲ್ಲಿ ಒಳ್ಳೆಯದು.

ಸೆಲ್ ಅಥವಾ ಪೆಟ್ಟಿಗೆಯ ಮೇಲೆ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡ) ಅಂತ, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ ಉಂಟಾ ನೋಡಿ. ಭಾರತದಲ್ಲಿ ಮಾರುವ ಲಿಥಿಯಂ ಸೆಲ್ಲುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ.

ಚಾರ್ಜಿಂಗ್ ತೂತು ಯುಎಸ್‌ಬಿ-ಸಿ ಆದರೆ ಅನುಕೂಲ, ಫೋನಿನ ಕೇಬಲ್ಲೇ ಸಾಕು. ಆದರೆ ಅಗ್ಗದವುಗಳಲ್ಲಿ ಒಂದು ತೊಡಕು ಉಂಟು. ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ, ಒಂದು ತುದಿ ಹಳೇ ಚೌಕದ ಎ ಇರುವ ಕೇಬಲ್ಲಿನಲ್ಲಿ ಮಾತ್ರ ಆಗುತ್ತದೆ. ಒಳಗೆ 5.1 ಕಿಲೋ ಓಮಿನ ಎರಡು ರೆಸಿಸ್ಟರ್ ಇಡುವ ಕಡೆ ಉಳಿತಾಯ ಮಾಡಿರುತ್ತಾರೆ. ಅವು ಇಲ್ಲದೆ ಹೊಸ ಚಾರ್ಜರಿಗೆ ಆಚೆ ಯಂತ್ರ ಇರುವುದೇ ಗೊತ್ತಾಗುವುದಿಲ್ಲ. ಯಂತ್ರ ಹಾಳು ಅಂದುಕೊಂಡು ಎಸೆಯಬೇಡಿ, ಕೇಬಲ್ ಬದಲಿಸಿ ನೋಡಿ. ಫೋನಿನ ಫಾಸ್ಟ್ ಚಾರ್ಜರ್ ಹಾಕಿದರೆ ಸುಡುವುದಿಲ್ಲ. ಯಂತ್ರ ಕೇಳದೆ ಅದು 5 ವೋಲ್ಟಿಗಿಂತ ಹೆಚ್ಚು ಕೊಡುವುದಿಲ್ಲ.

ಕರೆಂಟಿಲ್ಲದ ದಿನ ಪವರ್ ಬ್ಯಾಂಕಿನಿಂದಲೂ ಆಗ್ತದೆ. 1300 ಎಂಎಎಚ್ ಅಂದರೆ 5 ವಾಟ್-ಅವರಿಗೂ ಕಡಿಮೆ, 10,000ದ ಪವರ್ ಬ್ಯಾಂಕ್ ಹಲವು ಸಲ ತುಂಬಿಸುತ್ತದೆ.

ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ. ಪೂರ್ತಿ ಖಾಲಿ ಮಾಡಿಟ್ಟ ಸೆಲ್ ಮಳೆಗಾಲ ಕಳೆಯುವಾಗ ಸತ್ತಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬೇಡ.

ಸೀತಾಂಗೋಳಿ_ಮನೆ

ಎಎ ಬ್ಯಾಟರಿ ನಾಲ್ಕು ಹಾಕುವ ನಮೂನೆ 500ಕ್ಕೆ ಸಿಗ್ತದೆ. ಅದು?

ಬ್ಯಾಟರಿ_ಮುಳ್ಳೇರಿಯ

ಬೇಡ. ಎಎ ಆಲ್ಕಲೈನ್ ಸೆಲ್ಲಿಗೆ ಒಮ್ಮೆಗೇ ಅಷ್ಟು ಕರೆಂಟು ಕೊಡುವ ತಾಕತ್ತಿಲ್ಲ, ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನಿಕಲ್-ಕ್ಯಾಡ್ಮಿಯಂ ಇರುವ ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೂ ಬೇಡ. ಇಟ್ಟಲ್ಲೇ ಚಾರ್ಜ್ ಇಳಿಯುತ್ತದೆ, ಬೇಕಾದಾಗ ಖಾಲಿ. ಲಿಥಿಯಂ ಹಾಕಿದ ಮೊದಲ ವಿದ್ಯುತ್ ಉಪಕರಣ ಇದೇ ಜಾತಿಯ ಸ್ಕ್ರೂಡ್ರೈವರ್, 2003ರಲ್ಲಿ ಬಂದ ಬಾಷ್ ಇಕ್ಸೋ. ಇಟ್ಟು ಮರೆತು, ಬೇಕಾದಾಗ ಎತ್ತಿಕೊಳ್ಳುವ ಉಪಕರಣಕ್ಕೆ ಲಿಥಿಯಂ ಅಷ್ಟು ಚೆನ್ನಾಗಿ ಹೊಂದುತ್ತದೆ.

ಉಪ್ಪಳ_ಕಡಪ್ಪುರ

ಬಿಟ್ ಬಗ್ಗೆ ಯಾರೂ ಹೇಳಲಿಲ್ಲ. ಪೆಟ್ಟಿಗೆಯಲ್ಲಿ 30, 40 ಬಿಟ್ ತುಂಬಿಸಿ ಕೊಡುವುದು ಲೆಕ್ಕ ತೋರಿಸಲಿಕ್ಕೆ. ಮನೆಗೆ ಬೇಕಾದದ್ದು ಐದಾರು: ಪಿಎಚ್1, ಪಿಎಚ್2 (ಫಿಲಿಪ್ಸ್), ಪಿಝಡ್2 (ಪೋಝಿಡ್ರೈವ್), 6 ಮಿ.ಮೀ. ಚಪ್ಪಟೆ, 4 ಮಿ.ಮೀ. ಷಡ್ಭುಜ, 8 ಮಿ.ಮೀ. ನಟ್ ಬಿಟ್. ಪಿಎಚ್2 ಮತ್ತು ಪಿಝಡ್2 ಮಾತ್ರ ಎಸ್2 ಅನ್ನುವ ಗಟ್ಟಿ ಉಕ್ಕಿನವು ಬೇರೆ ತೆಗೊಳ್ಳಿ. ಜೊತೆಗೆ ಬಂದವು ಮೆತ್ತಗೆ, ಇಪ್ಪತ್ತು ಮೂವತ್ತು ಸ್ಕ್ರೂಗಳಲ್ಲಿ ಅಂಚು ಉರುಟಾಗುತ್ತದೆ. ಉರುಟಾದ ಬಿಟ್ ಜಾರಿದಾಗ ಬೈಗುಳ ಸಿಗುವುದು ಯಂತ್ರಕ್ಕೆ.

ಪಿಎಚ್ ಮತ್ತು ಪಿಝಡ್ ಎರಡೂ ಕೂಡಿಸುವ ಗುರುತಿನ ಹಾಗೇ ಕಾಣುತ್ತವೆ. ಸ್ಕ್ರೂ ತಲೆಯಲ್ಲಿ ಆ ಗುರುತಿನ ನಡುವೆ ಓರೆಯಾಗಿ ನಾಲ್ಕು ಸಣ್ಣ ಗೀರು ಇದ್ದರೆ ಅದು ಪಿಝಡ್. ರೆಡಿಮೇಡ್ ಕಪಾಟುಗಳಲ್ಲಿ, ಬಿಜಾಗರಿಗಳಲ್ಲಿ ಇದೇ ಹೆಚ್ಚು. ಪಿಝಡ್ ತಲೆಗೆ ಪಿಎಚ್ ಬಿಟ್ ಇಟ್ಟರೆ ಹಿಡಿದ ಹಾಗೆ ಅನಿಸಿ, ಭಾರ ಬಿದ್ದಾಗ ಮೇಲೆ ಹಾರುತ್ತದೆ.

ಕಡಲ ಬದಿಯ ಮನೆಗಳಿಗೆ ಸ್ಟೇನ್‌ಲೆಸ್ 304 ಸ್ಕ್ರೂ ಹಾಕಿ. ಹಳದಿ ಲೇಪದವು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು, ಮುಂದೆ ಬಿಚ್ಚುವಾಗ ತಲೆ ಉಳಿಯುವುದಿಲ್ಲ. ಆದರೆ 304 ಸ್ಕ್ರೂ ಅಯಸ್ಕಾಂತದ ಬಿಟ್‌ಗೆ ಅಂಟುವುದಿಲ್ಲ. ಮೇಲಕ್ಕೆ ಕೈ ಎತ್ತಿ ಮಾಡುವ ಕೆಲಸದಲ್ಲಿ ಸ್ಕ್ರೂ ಬೀಳುತ್ತಲೇ ಇರುತ್ತದೆ. ಬಿಟ್ಟಿನ ತುದಿಗೆ ಒಂದು ಚಿಟಿಕೆ ಗ್ರೀಸ್ ಅಥವಾ ಮೇಣ ಹಚ್ಚಿದರೆ ನಿಲ್ಲುತ್ತದೆ.

ಎಣ್ಮಕಜೆ_ತೋಟ

ಅಡಿಕೆ ಒಣಗಿಸುವ ಸೋಲಾರ್ ಮಾಡಿನ ಶೀಟಿನ ಸ್ಕ್ರೂಗಳಿಗೆ ಇದು ಆಗಬಹುದಾ? ಪಂಪ್ ಸ್ಟಾರ್ಟರಿನ ಮುಚ್ಚಳಕ್ಕೆ?

ರಿಪೇರಿ_ಮಂಜೇಶ್ವರ

ಶೀಟಿಗೆ ಆಗುವುದಿಲ್ಲ. ಅದಕ್ಕೆ ಹಾಕುವುದು ತಾನೇ ಕೊರೆದು ಇಳಿಯುವ, 8 ಮಿ.ಮೀ. ತಲೆಯ, ರಬ್ಬರ್ ವಾಷರಿನ ಸ್ಕ್ರೂ. ಕಬ್ಬಿಣದ ಪೈಪನ್ನು ಕೊರೆಯಲಿಕ್ಕೆ ಸಾವಿರಕ್ಕೂ ಮೇಲಿನ ಆರ್‌ಪಿಎಂ ಬೇಕು. 200ರಲ್ಲಿ ತುದಿ ಉಜ್ಜಿ ಬಿಸಿಯಾಗಿ ಮೊಂಡಾಗುತ್ತದೆ, ತೂತು ಬೀಳುವುದಿಲ್ಲ. ಅದಕ್ಕೆ 12 ವೋಲ್ಟಿನ ಅಥವಾ ಅದಕ್ಕೂ ದೊಡ್ಡ ಡ್ರಿಲ್ಲೇ ಬೇಕು. ಮೊದಲೇ ಕೂತ ಸ್ಕ್ರೂ ಬಿಚ್ಚುವುದಾದರೆ, ತುಕ್ಕು ಇಲ್ಲದಿದ್ದರೆ, ಕೈಯಲ್ಲಿ ಒಮ್ಮೆ ಸಡಿಲ ಮಾಡಿ ಉಳಿದದ್ದನ್ನು ಇದರಲ್ಲಿ ಬಿಚ್ಚಬಹುದು. ಸ್ಟಾರ್ಟರಿನ ಮುಚ್ಚಳಕ್ಕೆ ಧಾರಾಳ ಆಗ್ತದೆ. ಒಳಗಿನ ಟರ್ಮಿನಲ್ಲಿಗೆ ಮೇಲೆ ವಯರಿಂಗ್_ಕುಂಬಳೆ ಹೇಳಿದ್ದೇ ಕ್ರಮ: ಕೈಯಲ್ಲಿ.

ಮರಗೆಲಸ_ಪೆರ್ಲ

ಸೊಳ್ಳೆಬಲೆ ಚೌಕಟ್ಟಿನ ಬಗ್ಗೆ ಒಂದು ಮಾತು. ಚೌಕಟ್ಟು ಮರದ ದಾರಂದಕ್ಕೆ ಕೂರುವುದಾದರೆ 2.5ರ ತೂತು ಹಾಕಿ 3.5×25 ಸ್ಕ್ರೂ (3.5 ಮಿ.ಮೀ. ದಪ್ಪ, 25 ಮಿ.ಮೀ. ಉದ್ದ), ರಿಂಗಿನ ನಡು ಹಂತ. ಅಲ್ಯೂಮಿನಿಯಂ ಪಟ್ಟಿಯನ್ನು ಅತಿಯಾಗಿ ಬಿಗಿದರೆ ಅದು ಬಾಗಿ ಇನ್ನೊಂದು ಬದಿಯಲ್ಲಿ ಎದ್ದು ನಿಲ್ಲುತ್ತದೆ, ಸೊಳ್ಳೆ ಬರುವುದೇ ಆ ಸಂದಿನಲ್ಲಿ. ಎಲ್ಲ ಸ್ಕ್ರೂಗಳನ್ನು ಮುಕ್ಕಾಲು ಇಳಿಸಿ, ಮೂಲೆಗಳನ್ನು ನೋಡಿ, ಆಮೇಲೆ ಎದುರುಬದುರಾಗಿ ಬಿಗಿಯಿರಿ.

ಗೋಡೆಗೆ ಕೂರುವುದಾದರೆ ಮುರಕಲ್ಲಿನ ಗುಣ ನೋಡಬೇಕು. 6 ಮಿ.ಮೀ. ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಯೊಳಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಹಾಕುವ ತೂತು ಗಾರೆಯಲ್ಲಿ ಸರಿ ಬಂದರೂ ಕಲ್ಲಿನೊಳಗೆ ಹುಡಿ ಹುಡಿಯಾಗಿ ಅಗಲವಾಗುತ್ತದೆ. ಅಲ್ಲಿ ಯಂತ್ರದಲ್ಲಿ ಬಿಗಿ ಮಾಡಿದರೆ ಸ್ಕ್ರೂವಿನ ಜೊತೆ ಪ್ಲಗ್ಗೂ ತಿರುಗುತ್ತದೆ, ಮತ್ತೆ ಹಿಡಿತ ಬರುವುದಿಲ್ಲ. ತೂತಿನ ಹುಡಿಯನ್ನು ಊದಿ ತೆಗೆದು, ಉದ್ದದ ಪ್ಲಗ್ ಹಾಕಿ, ಕೊನೆಯದನ್ನು ಕೈಯಲ್ಲಿ ಬಿಗಿಯಿರಿ. ತೂತು ಕೊರೆಯಲಿಕ್ಕೆ ಹ್ಯಾಮರ್ ಡ್ರಿಲ್ ಬಾಡಿಗೆಗೆ ತರುವುದೇ ಸರಿ. 3.6 ವೋಲ್ಟಿನ ಯಂತ್ರಕ್ಕೆ ಡ್ರಿಲ್ ಬಿಟ್ ಸಿಕ್ಕಿಸಿ ಗೋಡೆಗೆ ಒತ್ತಬೇಡಿ.

ಉಪ್ಪಳ_ಕಡಪ್ಪುರ

ಗಲ್ಫಿನಿಂದ ತರಿಸುವವರಿಗೆ ಒಂದು ಸೂಚನೆ. ಉಪಕರಣವನ್ನು ಕ್ಯಾಬಿನ್ ಚೀಲದಲ್ಲಿ ಬಿಡುವುದಿಲ್ಲ. ಬಿಡಿ ಲಿಥಿಯಂ ಸೆಲ್ಲನ್ನು ಚೆಕ್-ಇನ್ ಚೀಲದಲ್ಲಿ ಹಾಕುವ ಹಾಗಿಲ್ಲ. ಸೆಲ್ ಬಿಚ್ಚಲಾಗದ ನಮೂನೆ ಆದರೆ ತರುವ ಮೊದಲು ವಿಮಾನ ಕಂಪನಿಯ ನಿಯಮ ಕೇಳಿಕೊಳ್ಳಲಿ. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆ ಅಂತಲೂ ನಂಬಬೇಡಿ.

ಸೀತಾಂಗೋಳಿ_ಮನೆ

ರಿಂಗ್ ಇರುವುದನ್ನೇ ತೆಗೊಳ್ತೇನೆ, ಇಕ್ಕಳ ಮತ್ತು ಮರದ ತುಂಡು ಅಂಗಡಿಗೆ ಹಿಡ್ಕೊಂಡು ಹೋಗಿ ನೋಡಿಯೇ. ಇನ್ನೊಂದು ಪ್ರಶ್ನೆ. ರೆಡಿಮೇಡ್ ಕಪಾಟಿನ ಹಲಗೆ ಮರದ ಹುಡಿ ಒತ್ತಿ ಮಾಡಿದ್ದು. ಅದಕ್ಕೆ ರಿಂಗ್ ಎಷ್ಟರಲ್ಲಿ ಇಡಬೇಕು? ಬಿಜಾಗರಿಯ ಒಂದು ತೂತು ಈಗಾಗಲೇ ಹರಿದಿದೆ.

ಮರಗೆಲಸ_ಪೆರ್ಲ

ಅದರಲ್ಲಿ ಎರಡು ಬಗೆಯ ಸ್ಕ್ರೂ ಇರುತ್ತದೆ. ಹಲಗೆ ಹಲಗೆ ಜೋಡಿಸುವ ದಪ್ಪ 7×50ರದ್ದಕ್ಕೆ 4 ಮಿ.ಮೀ. ಷಡ್ಭುಜ ಬಿಟ್, ರಿಂಗ್ ಕೊನೆಯ ಹಂತದಲ್ಲಿ. ಕೊನೆಯ ಹತ್ತು ಮಿ.ಮೀ.ನಲ್ಲಿ ಯಂತ್ರ ನಿಂತರೆ ಸ್ವಿಚ್ ಬಿಟ್ಟು ಕೈಯಲ್ಲಿ ತಿರುಗಿಸಿ. ಬಿಜಾಗರಿಯ 3.5×16ರದ್ದಕ್ಕೆ 1 ಅಥವಾ 2ನೇ ಹಂತ, ಅದಕ್ಕಿಂತ ಮೇಲೆ ಬೇಡ. ಬಾಗಿಲು ನೇರ ಮಾಡುವ ಬಿಜಾಗರಿಯ ಅಡ್ಜಸ್ಟ್ ಸ್ಕ್ರೂಗೆ ಯಂತ್ರವೇ ಬೇಡ, ಕೈಯಲ್ಲಿ ಅರ್ಧರ್ಧ ಸುತ್ತು.

ಹರಿದ ತೂತಿಗೆ ಬೆಂಕಿಕಡ್ಡಿ ಎರಡು ಮೂರು, ಮದ್ದಿನ ತಲೆ ಮುರಿದು, ಫೆವಿಕಾಲ್‌ನಲ್ಲಿ ಅದ್ದಿ ಬಿಗಿಯಾಗಿ ತುರುಕಿ. ಹಲಗೆಯ ಮಟ್ಟಕ್ಕೆ ಕೊಯ್ದು ಒಂದು ದಿನ ಪೂರ್ತಿ ಒಣಗಲು ಬಿಡಿ, ಮಳೆಗಾಲವಾದರೆ ಎರಡು ದಿನ. ಆಮೇಲೆ ನಡುವಿಗೆ 2 ಮಿ.ಮೀ. ತೂತು ಹಾಕಿ ಅದೇ ಸ್ಕ್ರೂವನ್ನು ಕೈಯಲ್ಲಿ ಇಳಿಸಿ. ಶುರುವಿನಲ್ಲಿ ಒಮ್ಮೆ ಹಿಂದಕ್ಕೆ ತಿರುಗಿಸಿ, ಹುರಿ ಕೂತ ಸಣ್ಣ ಸದ್ದು ಕೇಳಿದ ಮೇಲೆಯೇ ಮುಂದಕ್ಕೆ.